ಪೆಡಲಿನ ಮೇಲಿನ ಕಾಲು

ನನ್ನ ಗಂಡ ಚಪ್ಪಲಿ ಹಾಕಿಕೊಂಡು ಕಾರು ನಡೆಸಿದ್ದನ್ನು ನಾನು ನೋಡಿಲ್ಲ. ಬಾಗಿಲು ತೆಗೆದು, ಚಪ್ಪಲಿಯನ್ನು ಸೀಟಿನ ಕೆಳಗೆ ತಳ್ಳಿ, ಸ್ಟೇರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡೇ ಕೂರುವವರು. ಹೊಟ್ಟೆಗೆ ಹಾಕುವ ಗಾಡಿಗೆ ಚಪ್ಪಲಿ ತಾಗಿಸಬಾರದು ಎನ್ನುವುದು ಇಳಕಲ್ಲಿನ ಬಾಡಿಗೆ ಕಾರಿನವರಲ್ಲಿ ಬಹಳ ಮಂದಿಯ ರೂಢಿಯಾಗಿತ್ತು. ಇವರಿಗೆ ಅದರ ಜೊತೆಗೆ ಒಂದಿಷ್ಟು ಜಂಬವೂ ಇತ್ತು. ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಂದು ನನ್ನ ಬರಿಗಾಲೇ ಹೇಳುತ್ತದೆ ಎನ್ನುತ್ತಿದ್ದರು. ಮದುವೆ ಸೀರೆ ಕೊಳ್ಳಲು ಬಂದವರೂ, ಬಾಗಲಕೋಟೆಯ ದವಾಖಾನೆಗೆ ಹೊರಟವರೂ ಇವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಮನೆಯಲ್ಲಿ ಸಿಡಿಸಿಡಿ ಎನ್ನುವ ಮನುಷ್ಯ ಕಾರಿನಲ್ಲಿ ಕೂತರೆ ಸಾಧುವಾಗುತ್ತಿದ್ದುದನ್ನು ಕಂಡು, ಇನ್ನು ಮೇಲೆ ಕಾರಿನಲ್ಲೇ ಸಂಸಾರ ಹೂಡೋಣ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ಆ ಕಾರಿನ ಕ್ಲಚ್ಚು ಜಾರತೊಡಗಿತು. ಎಕ್ಸಿಲೇಟರ್ ಒತ್ತಿದರೆ ಇಂಜಿನ್ ಅರಚುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗಲು ಒಲ್ಲೆ ಎನ್ನುತ್ತಿತ್ತು. ಕ್ಲಚ್ ಪ್ಲೇಟು ಬದಲಿಸಿ ಒಂದು ಮಳೆಗಾಲವೂ ಕಳೆದಿರಲಿಲ್ಲ, ಮತ್ತೆ ಅದೇ ಸುಟ್ಟ ವಾಸನೆ.

ಒಂದು ದಿನ ಬಾಗಲಕೋಟೆಯ ನನ್ನ ತವರಿನಿಂದ ಇಬ್ಬರೇ ವಾಪಸು ಬರುತ್ತಿದ್ದಾಗ, ಹುನಗುಂದದಲ್ಲಿ ಪರಿಚಯದ ಮಿಸ್ತ್ರಿಯ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದರು. ಮಿಸ್ತ್ರಿ ತಾನೇ ಕೂತು, ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರಿಗೆ ಹಾಕಿ, ಮೆಲ್ಲಗೆ ಕ್ಲಚ್ ಬಿಟ್ಟ. ಕ್ಲಚ್ಚು ನೆಟ್ಟಗಿದ್ದರೆ ಇಂಜಿನ್ ಅಲ್ಲೇ ಬಂದ್ ಆಗಬೇಕು. ಇದು ಗುರುಗುಟ್ಟುತ್ತಲೇ ಇತ್ತು. ಅವನು ಕಾರಿನ ಕೆಳಗೆ ನುಸುಳಿ ನೋಡಿದ, ಪೆಡಲನ್ನು ಕೈಯಿಂದ ಒತ್ತಿ ನೋಡಿದ.

"ಪ್ಲೇಟ್ ಮತ್ತ ಸುಟ್ಟೈತ್ರಿ ಕಾಕಾ. ಆಯಿಲ್ ಸೋರಿಲ್ಲ, ಪೆಡಲ್ ಬರೋಬ್ಬರಿ ಐತಿ. ಕ್ಲಚ್ ಮ್ಯಾಲ ಕಾಲ ಇಟ್ಟಗೊಂಡ ಹೊಡದ್ರ ಹಿಂಗ ಸುಡತೈತಿ. ಹಂಗ ಹೊಡೀತೀರೇನ್ರಿ?"

"ನನ್ನ ಕಾಲ ಎಲ್ಲಿರ್ತೈತಿ ಅನ್ನೂದು ನನಗ ಗೊತ್ತಿಲ್ಲೇನ?" ಇವರು ಮುಖ ಗಂಟಿಕ್ಕಿದರು. ಮಿಸ್ತ್ರಿ ಮಾತು ಬೆಳೆಸಲಿಲ್ಲ. ಹೊಸ ಪ್ಲೇಟು ತರಿಸುವತನಕ ನಿಧಾನ ನಡೆಸಿರಿ ಎಂದು ಕಳಿಸಿದ.

ಹುನಗುಂದ ದಾಟಿದ ಮೇಲೆ ಪಕ್ಕದ ಸೀಟಿನಿಂದ ನಾನು ಕೆಳಗೆ ನೋಡಿದೆ. ಎಡಗಾಲು ಪೆಡಲಿನ ಮೇಲೆಯೇ ಇತ್ತು.

"ಕಾಲ ಕ್ಲಚ್ ಮ್ಯಾಲ ಐತ್ರಿ."

"ಇಲ್ಲ, ಕೆಳಗ ಐತಿ." ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದರು.

"ಒಮ್ಮಿ ನೋಡ್ರಿ."

ಬಗ್ಗಿ ನೋಡಿದರು. ಕಾಲನ್ನು ಬದಿಗೆ ಸರಿಸಿದರು. ಒಂದೆರಡು ಹೊಲ ದಾಟುವಷ್ಟರಲ್ಲಿ ಅದು ಮತ್ತೆ ಅಲ್ಲೇ ಹೋಗಿ ಕೂತಿತ್ತು. ಈ ಸಲ ನಾನು ಅವರತ್ತ ತಿರುಗಿದೆ. ನನ್ನ ಮುಖ ನೋಡಿ ಅವರೇ ಕೆಳಗೆ ನೋಡಿದರು, ಒಂದು ಬೇವಿನ ಗಿಡದ ನೆರಳಿಗೆ ಕಾರು ನಿಲ್ಲಿಸಿದರು.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಿಂದಿನ ವರ್ಷ ಡಾಕ್ಟರು ಸಕ್ಕರೆ ಕಾಯಿಲೆ ಎಂದಿದ್ದರು. ಚಹಾದಲ್ಲಿ ಸಕ್ಕರೆ ಬಿಡಿಸಿದ್ದಕ್ಕೇ ಮನೆಯಲ್ಲಿ ದಿನಾ ಜಗಳ. ಆ ಕಾಯಿಲೆ ಕಾಲಿಗೆ ಇಳಿದು ಸ್ಪರ್ಶವನ್ನೇ ಕಳೆಯುತ್ತದೆಂದು ನಮಗೆಲ್ಲಿ ಗೊತ್ತಿತ್ತು? ಈಗ ಎಡಗಾಲಿಗೆ ಪೆಡಲು ತಿಳಿಯುತ್ತಿಲ್ಲ. ನಾಳೆ ಬ್ರೇಕ್ ಒತ್ತುವ ಬಲಗಾಲಿಗೂ ಹೀಗಾದರೆ? ಹಿಂದಿನ ಸೀಟಿನಲ್ಲಿ ಮಂದಿಯ ಮಕ್ಕಳು ಕೂತಿರುತ್ತಾರೆ. ಕಾರು ನಡೆಸುವುದನ್ನೇ ನಿಲ್ಲಿಸಬೇಕಾಗುತ್ತದೆ ಎಂಬ ಮಾತು ಇಬ್ಬರ ಮನಸ್ಸಿನಲ್ಲೂ ಇತ್ತು, ಯಾರೂ ಆಡಲಿಲ್ಲ. ಇನ್ನೊಂದು ಕೆಲಸ ಅವರಿಗೆ ಬರುತ್ತಿರಲಿಲ್ಲ, ಬೇಕೂ ಇರಲಿಲ್ಲ.

ನಾನು ಇಳಿದು ಆ ಬದಿಗೆ ಹೋದೆ. ಅವರು ಸೀಟಿನಲ್ಲೇ ಹೊರಳಿ ಕಾಲನ್ನು ಹೊರಗೆ ಚಾಚಿದರು. ನೆಲದ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಅಂಗಾಲಿನಲ್ಲಿ ಜಾಲಿಮುಳ್ಳೊಂದು ಮುರಿದು ಕೂತಿತ್ತು. ಸುತ್ತಲೂ ಬಾತು ಕೀವಾಗಿತ್ತು. ಮುರಿದು ಎಷ್ಟೋ ದಿನವಾಗಿರಬೇಕು.

"ಮುಳ್ಳ ಚುಚ್ಚೇತ್ರಿ," ಎಂದೆ.

"ಗೊತ್ತೈತಿ," ಎಂದರು ತಟ್ಟನೆ. "ನೋಯಾಕತ್ತೈತಿ."

"ಹಂಗಾರ ಕಣ್ಣ ಮುಚ್ಚರಿ. ತಗೀತೇನಿ."

ಅವರು ಕಣ್ಣು ಮುಚ್ಚಿದರು. ಒಂದು ಕೈಯಿಂದ ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದು ಹಲ್ಲು ಕಚ್ಚಿದರು. ನಾನು ಸೆರಗಿನ ಪಿನ್ನು ಬಿಚ್ಚಿ ಗಾಯವನ್ನು ಬಿಡಿಸಿ, ಮುಳ್ಳನ್ನು ಹೊರಗೆಳೆದೆ. ಕೀವೂ ರಕ್ತವೂ ಬಂದವು, ಸೆರಗಿನಿಂದಲೇ ಒರೆಸಿದೆ. ಕಾಲು ಅಲುಗಲಿಲ್ಲ.

ಮುಳ್ಳು ನನ್ನ ಅಂಗೈಯಲ್ಲಿತ್ತು. ಅವರು ಇನ್ನೂ ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಹಗುರಕ ತಗಿ. ಭಾಳ ನೋಯ್ತೈತಿ."