ನಿಮ್ಮ ಬಗ್ಗೆ ಹೇಳಿ

ನನಗೆ ಬರೆಯಲು ಬರುತ್ತದೆ ಎಂದು ನಾನು ಬಹಳ ವರ್ಷ ನಂಬಿಕೊಂಡು ಬಂದಿದ್ದೆ. ಆ ನಂಬಿಕೆ ಅಲ್ಲಾಡಿದ್ದು ನಲವತ್ತಾರನೆಯ ವಯಸ್ಸಿನಲ್ಲಿ, ಮೊಬೈಲಿನ ಪರದೆಯ ಮೇಲಿನ ಒಂದು ಸಣ್ಣ ಚೌಕದ ಮುಂದೆ. ಚೌಕದ ನೆತ್ತಿಯ ಮೇಲೆ ‘ನಿಮ್ಮ ಬಗ್ಗೆ ಹೇಳಿ’ ಎಂದು ಬರೆದಿತ್ತು. ಒಳಗೆ ಏನೂ ಇರಲಿಲ್ಲ. ಕಡ್ಡಿಯಂಥ ಒಂದು ಗೆರೆ ಮಾತ್ರ ಮಿಣಿಮಿಣಿ ಎನ್ನುತ್ತ ನನ್ನ ದಾರಿ ಕಾಯುತ್ತಿತ್ತು.

ಬರೆಯುವ ಕೆಲಸವೇನೂ ನನಗೆ ಹೊಸದಲ್ಲ. ಖಾಸಗಿ ಶಾಲೆಯೊಂದರಲ್ಲಿ ಎಂಟು ವರ್ಷ ಕನ್ನಡ ಕಲಿಸಿದ್ದೇನೆ. ಮುಖ್ಯಗುರುಗಳ ಭಾಷಣ, ವಾರ್ಷಿಕ ವರದಿ, ನಿವೃತ್ತರಾಗುವವರ ಬಿನ್ನವತ್ತಳೆ ಎಲ್ಲವೂ ನನ್ನ ಕೈಯಿಂದಲೇ ಆಗುತ್ತಿದ್ದವು. ತರಗತಿಯಲ್ಲಿ ನಿದ್ದೆ ಮಾಡುತ್ತಿದ್ದ ಮಾಸ್ತರರೊಬ್ಬರನ್ನು ‘ಜ್ಞಾನದ ದೀವಿಗೆ’ ಎಂದು ಬರೆದು ಅವರ ಮನೆಯವರ ಕಣ್ಣಲ್ಲಿ ನೀರು ತರಿಸಿದ ಪಾಪವೂ ನನ್ನ ತಲೆಯ ಮೇಲಿದೆ. ಶಾಲೆಯ ಕೆಲಸ ಬಿಟ್ಟ ಮೇಲೆ ಓಣಿಯವರ ಅರ್ಜಿ, ಗೃಹಪ್ರವೇಶದ ಕರೆಯೋಲೆ. ಊರವರ ಬಗ್ಗೆ ಇಷ್ಟೆಲ್ಲ ಹೇಳಿದವಳಿಗೆ ತನ್ನ ಬಗ್ಗೆ ನಾಲ್ಕು ಸಾಲು ಸಿಗಲಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮಗಳು ಸುಮಾ. ಧಾರವಾಡದಲ್ಲಿ ಓದುವ ಅವಳು ರಜೆಗೆ ಬಂದಾಗ, ನಾನು ಪಕ್ಕದ ಮನೆಯವರ ಅರ್ಜಿ ಬರೆಯುತ್ತ ಕೂತಿದ್ದನ್ನು ನೋಡಿ, “ಯವ್ವಾ, ಎಷ್ಟ ದಿನ ಹಿಂಗ ಪುಕ್ಕಟ ಬರದು ಕೊಡ್ತಿ? ಆನ್‌ಲೈನ್‌ದಾಗ ಬರಿಯೋರು ಬೇಕಾಗ್ಯಾರ. ಮನ್ಯಾಗ ಕುಂತ ಬರಿ,” ಎಂದಳು. ಹೆಂಗಸರಿಗಾಗಿ ಇರುವ ಒಂದು ಕನ್ನಡ ಜಾಲತಾಣದಲ್ಲಿ ನನ್ನನ್ನು ನೋಂದಾಯಿಸಿಯೂ ಬಿಟ್ಟಳು. ಆ ಚೌಕ ಮೊದಲು ಎದುರಾದದ್ದು ಆಗಲೇ. ಅದರ ಕೆಳಗೆ ಮಸುಕು ಬಣ್ಣದಲ್ಲಿ ‘ಸದ್ಯಕ್ಕೆ ಬಿಡಿ’ ಎಂಬ ಬಟನ್ ಇತ್ತು. ಒತ್ತಿದೆ. ಅದು ನನಗೆ ರೂಢಿಯಾದ ಬಟನ್. ಎಂ.ಎ. ಪರೀಕ್ಷೆಗೆ ಕೂರಬೇಕೆಂದಿದ್ದ ವರ್ಷ ಒತ್ತಿದ್ದೆ, ಹಾರ್ಮೋನಿಯಂ ಕಲಿಯಬೇಕೆಂದಿದ್ದ ವರ್ಷವೂ ಒತ್ತಿದ್ದೆ. ಯಾರೂ ಬಲವಂತ ಮಾಡಿ ಒತ್ತಿಸಿದ್ದಲ್ಲ, ಬೆರಳು ತಾನೇ ಅತ್ತ ಹೋಗುತ್ತದೆ.

ಹೀಗೆ ನಾನು ‘ಸ್ವತಂತ್ರ ಬರಹಗಾರ್ತಿ’ಯಾದೆ. ಈ ಪದ ನನಗೆ ದೊಡ್ಡ ಅಳತೆಯ ಕುಪ್ಪಸದ ಹಾಗೆ, ಹೆಗಲಿನಿಂದ ಜಾರುತ್ತದೆ. ಬೆಳಿಗ್ಗೆ ನಳ ಬರುವುದನ್ನು ಕಾಯ್ದು, ಗಂಡನ ಡಬ್ಬಿ ಕಟ್ಟಿ, ಜೋಳ ಹಸನು ಮಾಡಿ, ಉಳಿದ ಹೊತ್ತಿನಲ್ಲಿ ಸ್ವತಂತ್ರಳಾಗಬೇಕು. ಮಾರ್ಚ್ ತಿಂಗಳ ಕೊಪ್ಪಳದ ಬಿಸಿಲಿನಲ್ಲಿ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ನಾನು ಬರೆದ ಮೊದಲ ಲೇಖನ, ಉಣ್ಣೆಯ ಸ್ವೆಟರುಗಳನ್ನು ಜೋಪಾನ ಮಾಡುವುದು ಹೇಗೆ ಎಂಬುದು. ನಮ್ಮ ಮನೆಯಲ್ಲಿ ಇರುವುದು ಒಂದೇ ಸ್ವೆಟರು. ಅದನ್ನು ಜೋಪಾನ ಮಾಡಿದ್ದು ನುಸಿ.

ಬರೆದದ್ದನ್ನು ಮೊದಲು ಕೇಳಿಸಿಕೊಳ್ಳುವವರು ನನ್ನ ಅತ್ತೆ ಬಸಮ್ಮ. ಎಪ್ಪತ್ತು ದಾಟಿದವರು, ಅಕ್ಷರ ಬಾರದವರು, ಆದರೆ ಕಿವಿ ಬಹಳ ಚುರುಕು. ಅವರು ರೊಟ್ಟಿ ಬಡಿಯುವಾಗ ನಾನು ಓದುತ್ತಿದ್ದೆ. ತಲೆಹೊಟ್ಟಿನ ಬಗ್ಗೆ ಬರೆದ ಲೇಖನ ಕೇಳಿ ಅವರ ಕೈ ನಿಂತಿತು.

“ಎಷ್ಟ ಸಲ ತಲಿಹೊಟ್ಟು ತಲಿಹೊಟ್ಟು ಅಂತಿ? ಒಮ್ಮಿ ಹೇಳಿದ್ರ ತಿಳಿಯಂಗಿಲ್ಲೇನು ಮಂದಿಗೆ?”

ಆ ಪದ ಏಳು ಸಲ ಬರಲೇಬೇಕು, ಆಗಲೇ ಹುಡುಕುವ ಯಂತ್ರಕ್ಕೆ ಲೇಖನ ಸಿಗುತ್ತದೆ ಎಂದು ಜಾಲತಾಣದವರು ಹಾಕಿದ ನಿಯಮವನ್ನು ವಿವರಿಸಿದೆ. ಅತ್ತೆ ಸ್ವಲ್ಪ ಹೊತ್ತು ವಿಚಾರ ಮಾಡಿ, “ಹಂಗಾರ ಅದು ಕಿವುಡ ಐತಿ, ಪಾಪ,” ಎಂದು ಮತ್ತೆ ರೊಟ್ಟಿ ಬಡಿಯತೊಡಗಿದರು.

ಲೇಖನ ಜಾಲತಾಣದಲ್ಲಿ ಬಂದ ದಿನ ಅವರಿಗೆ ತೋರಿಸಿದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಬೆರಳಿನಿಂದ ಗಾಜನ್ನು ಮುಟ್ಟಿದರು. ಲೇಖನ ಹಾರಿಹೋಗಿ ಎಣ್ಣೆಯ ಜಾಹೀರಾತು ಬಂತು. ಮತ್ತೆ ಹುಡುಕಿ ಕೊಟ್ಟೆ.

“ಇದ್ರಾಗ ನಿನ್ನ ಹೆಸರು ಎಲ್ಲೈತಿ?” ಎಂದರು.

ಲೇಖನದ ಕೆಳಗೆ ‘ಸಂಪಾದಕೀಯ ಬಳಗ’ ಎಂದಿತ್ತು. “ಹೆಸರು ಹಾಕಂಗಿಲ್ರಿ ಅತ್ತಿ,” ಎಂದೆ.

“ಹೂಂ. ನನ್ನ ಹಂಗ ಆತು,” ಎಂದು ಒಳಗೆ ಹೋದರು.

ಆ ಮಾತಿನ ಅರ್ಥ ತಿಳಿಯಬೇಕಾದರೆ ನಿಮಗೆ ಒಡಪಿನ ಸಂಗತಿ ಹೇಳಬೇಕು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವಂತಿಲ್ಲ. ಆದರೆ ಮದುವೆಯಾಗಿ ಬಂದ ಹುಡುಗಿಯನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸಿ, ಹೆಸರು ಹೇಳಿಯೇ ಒಳಗೆ ಬರಬೇಕು ಎನ್ನುತ್ತಾರೆ. ಸುಮ್ಮನೆ ಹೇಳಿದರೆ ನಡೆಯದು, ಹಾಡಿನಂಥ ಎರಡು ಸಾಲಿನಲ್ಲಿ ಹೆಸರನ್ನು ಕಟ್ಟಿ ಹೇಳಬೇಕು. ಅದೇ ಒಡಪು. ನಾಚಿಕೆಯ ಹುಡುಗಿಯರು ಮೊದಲೇ ನನ್ನ ಅತ್ತೆಯ ಬಳಿಗೆ ಬರುತ್ತಿದ್ದರು. ಅತ್ತೆಯ ಕ್ರಮ ಒಂದೇ. ಮೊದಲು ಹುಡುಗಿಯ ಹೆಸರು ಕೇಳುವುದು. ಆಮೇಲೆ ಗಂಡನ ಹೆಸರೇನು, ಅವನ ಕೆಲಸವೇನು, ಸಿಟ್ಟು ಇದೆಯೇ, ನೋಡಲು ಬಂದಾಗ ಮೊದಲು ಏನು ಮಾತನಾಡಿದ. ಒಂದು ಬುಟ್ಟಿ ರೊಟ್ಟಿ ಮುಗಿಯುವುದರೊಳಗೆ ಒಡಪು ತಯಾರು. ಬಸ್ ಕಂಡಕ್ಟರನನ್ನು ಮಾಡಿಕೊಂಡ ಹುಡುಗಿಗೆ ಕಟ್ಟಿಕೊಟ್ಟದ್ದು ಇದು:

ಹತ್ತೂರ ಮಂದಿಗೆ ಟಿಕೀಟು ಹರದು ಕೊಡ್ತಾರ,
ನಮ್ಮ ಮಲ್ಲಿಕಾರ್ಜುನರು ನನಗೊಂದು ಸೀಟು ಹಿಡಿದಾರ.

ಸಿದ್ದಾಪುರದ ಗದ್ದೆಯವರ ಮನೆಗೆ ಹೋದವಳಿಗೆ ಇನ್ನೊಂದು:

ಸಿದ್ದಾಪುರದ ಸೋನಾ ಅಕ್ಕಿ, ಅನ್ನ ಬೆಳ್ಳಗ,
ವೀರೇಶರು ಸಿಟ್ಟಿಗೆದ್ರೂ ಮಾತು ಮೆಲ್ಲಗ.

ಆ ವೀರೇಶ ನಿಜವಾಗಿಯೂ ಮೆತ್ತಗಾದನೆಂದು ಹೇಳುತ್ತಾರೆ. ಅಷ್ಟು ಮಂದಿಯ ಮುಂದೆ ಹೊಗಳಿಸಿಕೊಂಡ ಮೇಲೆ ಯಾವ ಗಂಡಸು ತಾನೇ ದನಿ ಎತ್ತಿಯಾನು.

ಅತ್ತೆ ಮೂವತ್ತೈದಕ್ಕೇ ಗಂಡನನ್ನು ಕಳೆದುಕೊಂಡವರು. ಆಮೇಲೆ ಆರತಿಯ ಮುಂದೆ ಅವರನ್ನು ಯಾರೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಒಡಪು ಹೇಳುವ ಭಾಗ್ಯ ಮುಗಿದಿತ್ತು. ಕಟ್ಟುವುದನ್ನು ಮಾತ್ರ ಬಿಡಲಿಲ್ಲ. ಯಲಬುರ್ಗಾ, ಅದರ ಬಳಿಯ ನಮ್ಮ ಸಣ್ಣ ಊರು ಮಂಗಳೂರು, ಗಂಗಾವತಿ ಎಂದು ಎಷ್ಟೋ ಮನೆಗಳ ಹೊಸ್ತಿಲನ್ನು ಅವರ ಮಾತು ದಾಟಿದೆ. ಅವರು ಅಡುಗೆಮನೆಯಲ್ಲಿಯೇ ಇದ್ದರು.

ನಮ್ಮ ಕೊಪ್ಪಳದ ಗುಡ್ಡದ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಳೆಯ ಶಾಸನವಿದೆ. ಬರೆಸಿದ ಚಕ್ರವರ್ತಿಯ ಬಗ್ಗೆ ಮಕ್ಕಳಿಗೆ ಪಾಠ ಮಾಡಿದ್ದೇನೆ. ಬಿಸಿಲಿನಲ್ಲಿ ಆ ಕಾದ ಕಲ್ಲಿನ ಮೇಲೆ ಕೂತು ಕೆತ್ತಿದವನು ಯಾರು ಎಂದು ಒಂದು ಹುಡುಗಿ ಕೇಳಿದಾಗ, ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದಿದ್ದೆ. ಈಗ ಆ ಹುಡುಗಿಯನ್ನು ಹುಡುಕಿ ತಪ್ಪಾಯಿತು ಎನ್ನಬೇಕು ಅನಿಸುತ್ತದೆ.

ಎರಡು ತಿಂಗಳು ಹೀಗೆ ಬಳಗದ ಹೆಸರಿನಲ್ಲಿ ಬರೆದೆ. ಒಂದು ಮಂಗಳವಾರ ಜಾಲತಾಣದ ಸಂಪಾದಕಿಯಿಂದ ಸಂದೇಶ ಬಂತು. ನಿಮ್ಮ ಬರಹ ಹಿಡಿಸಿದೆ, ವಾರಕ್ಕೊಂದು ಅಂಕಣ ಬರೆಯಿರಿ, ನಿಮ್ಮ ಹೆಸರಿನಲ್ಲಿಯೇ ಬರುತ್ತದೆ. ಆದರೆ ನಿಮ್ಮ ಪರಿಚಯದ ಚೌಕ ಖಾಲಿ ಇದೆ. ಶುಕ್ರವಾರ ಸಂಜೆಯೊಳಗೆ ತುಂಬದಿದ್ದರೆ ಬೇರೆಯವರಿಗೆ ಕೊಡಬೇಕಾಗುತ್ತದೆ. ಓದಿದ ಕೂಡಲೇ ಕುಣಿಯಬೇಕೆನಿಸಿತು. ಆ ಅಂಕಣ ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಬೇಕು ಎಂದು ಬಾಯಿ ಬಿಟ್ಟು ಹೇಳಲೂ ಹೆದರಿಕೆ ಆಯಿತು.

ಚೌಕದ ಮುಂದೆ ಕೂತೆ. ಮೊದಲ ಪ್ರಯತ್ನದಲ್ಲಿ ‘ಮಾನ್ಯರೇ, ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬರೆದು ಅಳಿಸಿದೆ. ನಮ್ಮ ಕಡೆ ಯಾರೂ ನೀವು ಯಾರು ಎಂದು ಕೇಳುವುದಿಲ್ಲ, ‘ಯಾರ ಪೈಕಿ?’ ಎನ್ನುತ್ತಾರೆ. ಅದಕ್ಕಾದರೆ ನನ್ನ ಬಳಿ ಉತ್ತರ ಬೇಕಾದಷ್ಟಿದೆ. ಕುಷ್ಟಗಿಯಲ್ಲಿ ಕಿರಾಣಿ ಅಂಗಡಿಯವರ ಎರಡನೆಯ ಮಗಳು. ಯಲಬುರ್ಗಾ ಕಡೆಯ ನಮ್ಮ ಮಂಗಳೂರಿನಲ್ಲಿ ಬಸಮ್ಮನ ಸೊಸೆ. ಕೊಪ್ಪಳದ ಓಣಿಯಲ್ಲಿ ಸುಮಾಳ ಅವ್ವ. ಗಿಣಿಗೇರಾದ ಕಾರ್ಖಾನೆಯಲ್ಲಿ ಪಾಳಿ ಮಾಡುವ ಗಂಡನ ಗೆಳೆಯರಿಗೆ ವೈನಿ, ಎಂದರೆ ಅತ್ತಿಗೆ. (ಗಂಡನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಒಡಪು ಮರೆತುಹೋಗಿದೆ.) ಇದನ್ನೆಲ್ಲ ತುಂಬಿದರೆ ಊರಿನ ಅರ್ಧ ಮಂದಿ ಚೌಕದೊಳಗೆ ಬಂದು ಕೂತರು, ನಾನೇ ಹೊರಗೆ ಉಳಿದೆ.

ಗಂಡನನ್ನು ಕೇಳಿದೆ. “ಛಲೋ ಅಡಗಿ ಮಾಡ್ತಾಳ ಅಂತ ಬರಿ,” ಎಂದರು, ಬಹಳ ಪ್ರೀತಿಯಿಂದ. ಮತ್ತೆ ಜಾಲತಾಣದವರಿಗೆ ಭಾವಚಿತ್ರವೂ ಬೇಕಂತೆ. ನಾನೊಬ್ಬಳೇ ಇರುವ ಚಿತ್ರ ಆಧಾರ್ ಕಾರ್ಡಿನಲ್ಲಿ ಮಾತ್ರ ಇದೆ, ಅದರಲ್ಲಿ ನನ್ನ ಗುರುತು ನನಗೇ ಹತ್ತುವುದಿಲ್ಲ. ಕೊನೆಗೆ ಒಂದು ಸೀಮಂತದ ಫೋಟೋದಿಂದ ನನ್ನನ್ನು ಕತ್ತರಿಸಿ ತೆಗೆದೆ. ಪಕ್ಕದಲ್ಲಿದ್ದ ಅತ್ತೆ ಹೋದರು, ನನ್ನ ಹೆಗಲ ಮೇಲಿಟ್ಟಿದ್ದ ಅವರ ಕೈ ಮಾತ್ರ ಉಳಿಯಿತು. ಎಷ್ಟು ಕತ್ತರಿಸಿದರೂ ಆ ಕೈ ಹೋಗಲಿಲ್ಲ, ಬಿಟ್ಟೆ.

ಶುಕ್ರವಾರ ಮಧ್ಯಾಹ್ನವಾಯಿತು. ಬೆರಳು ಮತ್ತೆ ‘ಸದ್ಯಕ್ಕೆ ಬಿಡಿ’ಯ ಕಡೆ ಹೋಗುತ್ತಿತ್ತು. ಅತ್ತೆ ಒಲೆಯ ಮುಂದೆ ಇದ್ದರು. ಇದ್ದದ್ದನ್ನು ಇದ್ದ ಹಾಗೆ ಅವರಿಗೆ ಹೇಳಿ, “ಬಿಟ್ಟ ಬಿಡ್ತೀನ್ರಿ ಅತ್ತಿ. ಹೆಸರಿಲ್ಲಂದ್ರ ಏನಾತು, ಬರಿಯೋದಂತೂ ಐತಲ್ಲ. ನೀವೂ ಹಂಗ ಇದ್ರಲ್ಲ. ನಿಮಗೇನರ ಬ್ಯಾಸರ ಆಗಿತ್ತೇನು?” ಎಂದೆ.

ಅತ್ತೆ ತವೆಯ ಮೇಲಿನ ರೊಟ್ಟಿ ಮಗುಚಿದರು. “ಆಗಿಲ್ಲ ಅಂತ ಹೆಂಗ ಹೇಳ್ಲಿ ಯವ್ವಾ. ಹುಡುಗಿ ಬಾಗಲದಾಗ ನಿಂತು ನನ್ನ ಮಾತು ಹೇಳಿದಾಗ ಮಂದಿ ನಗತಿದ್ರು, ಭೇಷ್ ಅಂತಿದ್ರು. ನಮ್ಮೂರಾಗಿನ ಮದುವಿಯಾದ್ರ ನಾ ಆ ಮನಿ ಅಡಗಿ ಮನ್ಯಾಗ ಕುಂತು ಕಿವಿ ಕೊಡ್ತಿದ್ದೆ. ಇದನ್ನ ಯಾರು ಕಟ್ಯಾರ ಅಂತ ಯಾರರ ಒಬ್ರು ಕೇಳ್ತಾರೇನು ಅಂತ. ಇಷ್ಟ ವರ್ಷದಾಗ ಒಬ್ರೂ ಕೇಳ್ಲಿಲ್ಲ.” ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದರು. “ನಿನಗ ಕೇಳಾಕತ್ಯಾರ. ನೀ ಸದ್ಯಕ್ಕ ಬಿಡ್ರಿ ಅಂತಿ.”

ಇಪ್ಪತ್ತಮೂರು ವರ್ಷ ಒಂದೇ ಒಲೆಯ ಮುಂದೆ ಇದ್ದೇವೆ. ಆ ಪ್ರಶ್ನೆಯನ್ನು ನಾನೂ ಅವರಿಗೆ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಅತ್ತೆ ಮಣೆಯನ್ನು ನನ್ನ ಕಡೆ ತಳ್ಳಿದರು, ಒಡಪಿಗೆ ಬಂದ ಹುಡುಗಿಯರಿಗೆ ತಳ್ಳುತ್ತಿದ್ದ ಹಾಗೆ. “ಕುಂದ್ರು. ಹೆಸರೇನು?”

“ನನ್ನ ಹೆಸರು ಗೊತ್ತಿಲ್ಲೇನ್ರಿ ನಿಮಗ?”

“ಬಂದೋರಿಗೆಲ್ಲ ಮೊದಲ ಅದನ್ನ ಕೇಳ್ತೀನಿ. ನಿನಗ್ಯಾಕ ಬಿಡ್ಲಿ?”

“ಗಿರಿಜಾ,” ಎಂದೆ. ಆ ಅಡುಗೆಮನೆಯಲ್ಲಿ ನನ್ನ ಹೆಸರು ಕೇಳಿಸಿದ್ದು ಅದೇ ಮೊದಲೇನೋ. ಅವರು ನನ್ನನ್ನು ಯಾವಾಗಲೂ ‘ಸುಮಿ ಅವ್ವ’ ಎಂದೇ ಕರೆಯುವುದು. ಅದಕ್ಕೂ ಮೊದಲು ‘ಏ ಹುಡುಗಿ’ ಎನ್ನುತ್ತಿದ್ದರು. ಇನ್ನೂ ಎರಡು ರೊಟ್ಟಿ ಬಡಿದರು. ತುಟಿ ಅಲ್ಲಾಡುತ್ತಿತ್ತು. ಮೂರನೆಯದನ್ನು ತವೆಗೆ ಹಾಕುತ್ತ ಹೇಳಿದರು:

ರೊಟ್ಟಿ ಬಡಿಯೋ ಕೈಲೆ ಅಕ್ಷರ ಬರೀತಾಳ,
ಗಿರಿಜಾ ನನ್ನ ಸೊಸಿ, ತನ್ನ ಹೆಸರ ತಾನ ಹೇಳ್ತಾಳ.

ನನಗೆ ಅಳು ಬಂತು. ಹೊಗೆ ಎಂದು ಹೇಳಲೂ ಬರುವಂತಿರಲಿಲ್ಲ, ಗ್ಯಾಸಿನ ಒಲೆ.

ಆಮೇಲೆ ಚೌಕ ತುಂಬಲು ಒಂದು ತಾಸೂ ಬೇಕಾಗಲಿಲ್ಲ. ‘ನನ್ನ ಹೆಸರು ಗಿರಿಜಾ. ಬರೆಯುವುದೆಂದರೆ ನನಗೆ ಬಹಳ ಇಷ್ಟ. ಇಷ್ಟು ದಿನ ಬೇರೆಯವರ ಹೆಸರಿನಲ್ಲಿ ಬರೆದೆ, ಇನ್ನು ನನ್ನ ಹೆಸರಿನಲ್ಲಿ ಬರೆಯುತ್ತೇನೆ.’ ಇಷ್ಟು ಸರಳವಾದದ್ದಕ್ಕೆ ಮೂರು ದಿನ ಒದ್ದಾಡಿದೆನಲ್ಲ ಎಂದು ನಗು ಬಂತು. ಕೆಳಗೆ ಇನ್ನೊಂದು ಚೌಕ ಕಾದಿತ್ತು, ‘ಬರವಣಿಗೆಯ ತರಬೇತಿ ಎಲ್ಲಿ ಪಡೆದಿರಿ?’ ಅಲ್ಲಿಯೂ ‘ಸದ್ಯಕ್ಕೆ ಬಿಡಿ’ ಇತ್ತು. ಬೆರಳು ಈ ಸಲ ಅತ್ತ ಹೋಗಲಿಲ್ಲ. ಬರೆದು, ಸೀಮಂತದ ಚಿತ್ರವನ್ನೂ ಹಚ್ಚಿ ಕಳುಹಿಸಿದೆ. ಐದು ಗಂಟೆಗೆ ಸಂಪಾದಕಿಯ ಉತ್ತರ ಬಂತು, ಮುಂದಿನ ವಾರ ಮೊದಲ ಅಂಕಣ ಕಳಿಸಿ ಎಂದು.

ಅತ್ತೆಗೆ ಹೇಳಲು ಹೋದೆ. ಅವರು ಹಿತ್ತಲ ಬಾಗಿಲಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಬರದಿ? ಏನ್ ಬರದಿ ಓದು,” ಎಂದರು.

ಮೊದಲ ಚೌಕ ಓದಿದೆ. ತಲೆಯಾಡಿಸಿದರು. ಎರಡನೆಯದನ್ನು ಓದಿದೆ. ‘ನನಗೆ ಬರೆಯಲು ಕಲಿಸಿದವರು ನನ್ನ ಅತ್ತೆ ಬಸಮ್ಮ. ಈ ಸೀಮೆಯ ಎಷ್ಟೋ ಮದುವೆಗಳ ಒಡಪುಗಳನ್ನು ಕಟ್ಟಿದವರು ಅವರೇ.’

ಸುಣ್ಣದ ಬೆರಳು ಎಲೆಯ ಮೇಲೆ ಹಾಗೆಯೇ ನಿಂತಿತು.

“ನನಗ ಸರಿಯಾಗಿ ಕೇಳ್ಸಲಿಲ್ಲ. ಇನ್ನೊಮ್ಮಿ ಓದು,” ಎಂದರು.

ಅವರ ಕಿವಿ ಚುರುಕು ಎಂದು ಆಗಲೇ ನಿಮಗೆ ಹೇಳಿದ್ದೇನೆ. ಇನ್ನೊಮ್ಮೆ ಓದಿದೆ. ಮತ್ತೆ ಓದು ಎಂದರು, ಮತ್ತೆ ಓದಿದೆ. ಒಮ್ಮೆ ಹೇಳಿದರೆ ಮಂದಿಗೆ ತಿಳಿಯುವುದಿಲ್ಲವೇ ಎಂದು ಕೇಳಿದವರು ಅವರೇ. ಅದನ್ನು ನಾನು ನೆನಪಿಸಲಿಲ್ಲ. ಬಿಸಿಲು ಇಳಿಯುವವರೆಗೆ ಅಲ್ಲಿಯೇ ಕೂತು, ಬಸಮ್ಮ ಎಂಬ ಆ ಹೆಸರನ್ನು ಏಳು ಸಲ ಓದಿದೆ.