ಬೆಳಕು ನುಸುಳದ ಟೋಪಿ

ಉಪ್ಪಾರಹಳ್ಳಿಗೆ ಹಾಲಿನವನು ಇನ್ನೂ ಬಂದಿಲ್ಲ. ಮೆಹತಾಬ್ ಅವರ ಹೊಲಿಗೆ ಮಷೀನು ಆಗಲೇ ಸದ್ದು ಮಾಡುತ್ತಿದೆ. ಬುರ್ಖಾ ಹೊಲಿದು ಸಂಸಾರ ತೂಗಿಸುವ ಕೈ ಇವತ್ತು ಹೊಲಿಯುತ್ತಿರುವುದು ಒಂದು ಕಪ್ಪು ಟೋಪಿ. ಮದುವೆ ಗಂಡಿಗಲ್ಲ, ಮಿದುಳಿನ ಪರೀಕ್ಷೆಗೆ.

ತುಮಕೂರಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಡಾಕ್ಟರ್ ನಂದಿತಾ 2005ರಿಂದಲೂ ಒಂದು ಯಂತ್ರವನ್ನು ಪಳಗಿಸುತ್ತಿದ್ದಾರೆ. ಕಣ್ಣಿಗೆ ಕಾಣದ, ಕೆಂಪಿಗೂ ಆಚೆಯ ಬೆಳಕನ್ನು ಅದು ತಲೆಯೊಳಕ್ಕೆ ಬಿಡುತ್ತದೆ. ಮಿದುಳಿನ ಯಾವ ಭಾಗ ಕೆಲಸಕ್ಕಿಳಿಯುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. ಮರಳಿ ಬರುವ ಬೆಳಕು ಕಡಿಮೆಯಾಗಿ ಅದರ ಸುಳಿವು ಕೊಡುತ್ತದೆ, ಪರದೆಯ ಮೇಲೆ ಗೆರೆ ಏರುತ್ತದೆ. ಹೊರಗಿನ ಬೆಳಕು ಸೇರಿತೋ, ಎಲ್ಲ ಕೆಟ್ಟಿತು. ಟೋಪಿ ಅದಕ್ಕೇ. ಪರೀಕ್ಷೆಗೆ ಬಂದವರ ಎಣ್ಣೆ ಹಚ್ಚಿದ ದಟ್ಟ ಕೂದಲನ್ನು ಕಡ್ಡಿಯಿಂದ ಬಿಡಿಸಿ, ಬೆಳಕಿಗೆ ಚರ್ಮ ಸಿಗುವಂತೆ ಮಾಡಿ ಟೋಪಿ ಕೂರಿಸುವುದೂ ಮೆಹತಾಬ್ ಅವರೇ. ದಿನಕ್ಕೆ ಐದಾರು ತಲೆ.

ಅವರ ಆಸೆ ಮಾತ್ರ ಒಂದೇ ತಲೆಯದು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಗಂಡ ಏಜಾಜ್ ಅಹಮದ್ ಲಕ್ವ ಹೊಡೆದು ಹಾಸಿಗೆ ಹಿಡಿದು ಮೂರು ವರ್ಷವಾಯಿತು. ಕಣ್ಣು ತೆರೆದಿರುತ್ತದೆ, ಮಾತಿಲ್ಲ, ಸನ್ನೆಯೂ ಇಲ್ಲ. "ಚಳಿ ಆಗ್ತಿದ್ಯಾ, ಟೀ ಸಾಕಾ ಅಂತ ಕೇಳ್ತಾನೇ ಇರ್ತೀನಿ. ಇವ್ರಿಗೆ ಕೇಳಿಸ್ತಿದ್ಯೋ ಇಲ್ವೋ, ಯಾರೂ ಹೇಳಲ್ಲ," ಎನ್ನುತ್ತಾರೆ.

ಕಾಡಿ ಬೇಡಿ, ಹೋದ ತಿಂಗಳು ಗಂಡನನ್ನು ಆಟೋದಲ್ಲಿ ಕರೆದೊಯ್ದರು. ಕಿಟಕಿಯ ಪಕ್ಕ ಮಲಗಿಸಿ ಟೋಪಿ ಹಾಕಿ, ಬಗ್ಗಿ, "ಏನ್ರೀ" ಎಂದು ಕರೆದರು. ಗೆರೆ ಏರಿತು. ಮತ್ತೆ ಕರೆದರೆ ಮತ್ತೆ ಏರಿತು. ಆ ಸಂಜೆ ಬೀದಿಗೆಲ್ಲ ಸಿಹಿ ಹಂಚಿದರು.

ಡಾಕ್ಟರಿಗೆ ಮಾತ್ರ ಅನುಮಾನ. ಮರುದಿನ ಆ ಟೋಪಿಯನ್ನು ಮಣ್ಣಿನ ಮಡಕೆಯೊಂದಕ್ಕೆ ತೊಡಿಸಿ, ಮೆಹತಾಬ್ ಅವರನ್ನು ಅದೇ ಕಿಟಕಿಯ ಪಕ್ಕ ಬಗ್ಗಲು ಹೇಳಿದರು. ನೆರಳು ಬಿದ್ದೊಡನೆ ಮಡಕೆಗೂ ಗೆರೆ ಏರಿತು.

"ಈ ಬಟ್ಟೆ ನಮ್ಮ ಕಣ್ಣಿಗಷ್ಟೇ ಕಪ್ಪು ಮೆಹತಾಬ್. ಆ ಬೆಳಕನ್ನ ಇದು ತಡೆಯಲ್ಲ. ಕಿಟಕಿ ಬಿಸಿಲು ಒಳಗೆ ಹೋಗ್ತಿದೆ. ನೀವು ಬಗ್ಗಿದಾಗ ಅದು ಕಮ್ಮಿ ಆಗುತ್ತೆ, ಯಂತ್ರ ಅದನ್ನೇ ರಕ್ತ ಹೆಚ್ಚಾಯ್ತು ಅಂದ್ಕೊಳ್ಳುತ್ತೆ," ಎಂದರು ನಂದಿತಾ. ಬುರ್ಖಾದ ಆ ಬಟ್ಟೆಯನ್ನು ಆರಿಸಿದ್ದು ಮೆಹತಾಬ್ ಅವರೇ. "ಕಪ್ಪು ಬಟ್ಟೆ ನನಗೆ ಗೊತ್ತಿಲ್ವಾ ಅಂದ್ಕೊಂಡಿದ್ದೆ. ಮನೆಗೆ ಬಂದು ಇವ್ರ ಮುಖ ನೋಡಕ್ಕಾಗ್ಲಿಲ್ಲ," ಎನ್ನುವಾಗ ಅವರ ದನಿ ಇಳಿಯುತ್ತದೆ.

ಈಗಿನ ಬಟ್ಟೆಯನ್ನು ಮಡಕೆಗೆ ಹೊದಿಸಿ, ಗೆರೆ ಅಲುಗದ್ದನ್ನು ನೋಡಿಯೇ ತಂದಿದ್ದಾರೆ. ನಾಳೆ ಮತ್ತೆ ಪರೀಕ್ಷೆ. ಗೆರೆ ಏರದಿದ್ದರೂ ಕೇಳಿಸುವುದಿಲ್ಲ ಎಂದೇನೂ ಖಚಿತವಲ್ಲ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ಆ ಮಾತು ಇವರ ಕಿವಿಗೆ ಬಿದ್ದಂತಿಲ್ಲ.

ಏರಿದರೆ ಏನು ಮಾಡುತ್ತೀರಿ ಎಂದರೆ, ಹಲ್ಲಿನಿಂದ ದಾರ ಕಡಿದು, ಸ್ವಲ್ಪ ನಾಚುತ್ತಾರೆ.

"ಜಗಳ ಆಡ್ತೀನಿ. ಕೇಳಿಸ್ದೆ ಇರೋರ ಹತ್ರ ಹೆಂಗ್ ಆಡೋದು ಹೇಳಿ? ಮೂರು ವರ್ಷದಿಂದ ಇವ್ರಿಗೆ ಒಂದು ಬಿರುಸು ಮಾತು ಅಂದಿಲ್ಲ ನಾನು."