ಪರದೆಯ ಹಿಂದಿನ ಕೊಲ್ಲಾಪುರ

ಕಂಪ್ಯೂಟರಿನಲ್ಲಿ ಶೇಕಡಾ ಎಂಬತ್ತೇಳಕ್ಕೆ ಬಂದು ನಿಂತ ಅಂಕಿ ಇಪ್ಪತ್ತು ನಿಮಿಷದಿಂದ ಅಲುಗಿಲ್ಲ. ಚಂದ್ರಮತಿ ಟೇಬಲ್ ಫ್ಯಾನನ್ನು ಇನ್ನಷ್ಟು ಹತ್ತಿರ ಎಳೆದು, ಅಂಗೈಯನ್ನು ಹಾರ್ಡ್ ಡಿಸ್ಕಿನ ಮೇಲೆ ಇಡುತ್ತಾರೆ. ಬಿಸಿ ಏರಿದೆ. ಅದರ ಕೆಳಗೆ ಗಾಳಿಯಾಡಲೆಂದು ಇಟ್ಟ ಎರಡು ಬಾಟಲಿ ಮುಚ್ಚಳಗಳನ್ನು ಸರಿಪಡಿಸಿ, ಬಗ್ಗಿ ಕಿವಿಗೊಡುತ್ತಾರೆ. ಒಳಗೆ ತಿರುಗುವ ಸದ್ದು ಸಮನಾಗಿದೆ. ಟಿಕ್ ಟಿಕ್ ಎಂದು ಬಡಿದುಕೊಳ್ಳತೊಡಗಿದರೆ ಕೈಬಿಟ್ಟಂತೆಯೇ. ಇನ್ನೂ ಬಡಿದುಕೊಳ್ಳುತ್ತಿಲ್ಲ.

ಚಿಕ್ಕೋಡಿಯಲ್ಲಿ ಬೆಳಗಿನ ಐದೂವರೆ. ಈ ಹೊತ್ತಿಗೆ ಮಾತ್ರ ಕರೆಂಟು ನೆಟ್ಟಗಿರುತ್ತದೆ, ಮನೆಯವರು ಯಾರೂ ಕರೆಯುವುದಿಲ್ಲ. ಆರಕ್ಕೆ ಅತ್ತೆ ಕಮಲಾಬಾಯಿ ಮಿಂದು, ಮಡಿಸೀರೆ ಉಟ್ಟು, ಬಸದಿಗೆ ಹೊರಡುತ್ತ ಒಳಗೆ ಇಣುಕುತ್ತಾರೆ.

"ಕೊಲ್ಲಾಪುರದಾಕಿ, ಹಾಲ ಕಾಸೀಯೇನ, ಇಲ್ಲಾ ಅದನ್ನ ಜೋಪಾನ ಮಾಡ್ಕೋತ ಕುಂತೀಯೊ?"

"ಕಾಸೇನ್ರಿ ಅತ್ತಿ."

ಚಂದ್ರಮತಿ ಕೊಲ್ಲಾಪುರದವರಲ್ಲ. ತವರು ಅಂಕಲಿ. ಆ ಹೆಸರು ಬಂದ ಬಗೆಯೇ ಅವರ ಒಂಬತ್ತು ವರ್ಷದ ದುಡಿಮೆಯ ಕಥೆ.

ಗಂಡ ಶೀತಲ ಮನೆಯ ಮುಂಭಾಗದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅಂಗಡಿಗೂ ಒಳಕೋಣೆಗೂ ನಡುವೆ ಹೂವಿನ ಚಿತ್ತಾರದ ಒಂದು ಪರದೆ. ಚಂದ್ರಮತಿ ನಿಪ್ಪಾಣಿಯಲ್ಲಿ ಬಿ.ಎಸ್ಸಿ. ಓದಿದವರು, ಕಂಪ್ಯೂಟರ್ ವಿಷಯದಲ್ಲಿ ಕಾಲೇಜಿಗೇ ಎರಡನೆಯವರು. ಮದುವೆಯಾದ ಮೇಲೆ ಹನ್ನೆರಡು ವರ್ಷ ಕೀಬೋರ್ಡ್ ಮುಟ್ಟಲಿಲ್ಲ. ಮಗಳು ಮಯೂರಿಯ ಮೊದಲ ಮೂರು ವರ್ಷದ ಫೋಟೊಗಳಿದ್ದ ಡಿಸ್ಕು ಕೆಟ್ಟಾಗ ಕೊಲ್ಲಾಪುರಕ್ಕೆ ಒಯ್ದರು. ಅಲ್ಲಿಯವರು ಹದಿನೈದು ದಿನ ಇಟ್ಟುಕೊಂಡು, ಆಗುವುದಿಲ್ಲ ಎಂದು ಮರಳಿಸಿದರು. ಯಾಕೆ ಆಗುವುದಿಲ್ಲ ಎಂದು ಹೇಳಲಿಲ್ಲ.

"ಯಾಕಂತ ತಿಳೀಬೇಕಂತ ಹಠ ಬಂತು ನನಗ," ಎನ್ನುತ್ತಾರೆ ಚಂದ್ರಮತಿ. "ಹಿಂದಿ, ಮರಾಠಿ ವಿಡಿಯೊ ನೋಡಿ ಕಲತೆ. ಗುಜರಿಯಾಗಿನ ಸತ್ತ ಡಿಸ್ಕ್ ತಂದು ಕೈ ಪಳಗಿಸಿಕೊಂಡೆ. ಮಗಳ ಫೋಟೊ ಬರಲಿಲ್ಲ. ಬ್ಯಾರೇದವ್ರವು ಬರಾಕತ್ತಿದವು."

ಮೊದಲು ಕೌಂಟರಿನಲ್ಲೇ ಕೂತು ಮಾಡುತ್ತಿದ್ದರು. ಒಬ್ಬ ಗಿರಾಕಿ ಕೊಟ್ಟ ಡಿಸ್ಕನ್ನು ಅಲ್ಲೇ ವಾಪಸ್ ಇಸಿದುಕೊಂಡ. "ಹೆಣ್ಣಮಕ್ಕಳ ನೋಡೂದಿದ್ರ ಬ್ಯಾಡ್ರಿ. ಮನೀವು ಫೋಟೊ ಅದಾವ." ಮುಂದಿನ ಗಿರಾಕಿಗೆ ಶೀತಲ, "ಕೊಲ್ಲಾಪುರಕ್ಕ ಕಳಸ್ತೇವ್ರಿ, ಅಲ್ಲೊಬ್ಬ ಇಂಜಿನಿಯರ್ ಅದಾನ" ಎಂದರು. ಆತ ಸಮಾಧಾನದಿಂದ ಕೊಟ್ಟು ಹೋದ. ಅಂದಿನಿಂದ ಡಿಸ್ಕುಗಳು ಎಂಟು ಹೆಜ್ಜೆ ನಡೆದು ಪರದೆ ದಾಟಿ ಕೊಲ್ಲಾಪುರ ಸೇರುತ್ತವೆ. ಎರಡು ತಾಸಿನಲ್ಲಿ ಮುಗಿದ ಕೆಲಸವೂ ಮೂರು ದಿನ ಕಪಾಟಿನಲ್ಲಿ ಕೂರಬೇಕು. ಹೋಗಿ ಬರಲು ಅಷ್ಟಾದರೂ ಹೊತ್ತು ಬೇಡವೇ?

ತಿಂಗಳಿಗೆ ಹನ್ನೆರಡರಿಂದ ಹದಿನೈದು ಬರುತ್ತವೆ. ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಯಿಂದ. ಎಂಟೊಂಬತ್ತು ಬದುಕುತ್ತವೆ. ಚಂದ್ರಮತಿ ಮೂಲ ಡಿಸ್ಕಿನ ಮೇಲೆ ಎಂದೂ ಕೆಲಸ ಮಾಡುವುದಿಲ್ಲ. ಮೊದಲು ಅದರಲ್ಲಿರುವುದನ್ನೆಲ್ಲ ಇನ್ನೊಂದಕ್ಕೆ ಇದ್ದಂತೆಯೇ ಇಳಿಸಿಕೊಂಡು, ಆ ಪ್ರತಿಯಲ್ಲಿ ಹುಡುಕುತ್ತಾರೆ. ಸಿಕ್ಕ ಫೈಲುಗಳಿಗೆ ಹೆಸರಿರುವುದಿಲ್ಲ, ಬರೀ ಅಂಕಿ. ಒಂದೊಂದನ್ನೂ ತೆರೆದು ನೋಡಿ, ಮದುವೆಯದಾದರೆ ಅರಿಷಿಣ, ಅಕ್ಕಿಕಾಳು, ಊಟ ಎಂದು ಹೆಸರಿಡಬೇಕು. ಬೆಳಗಿನ ಎರಡು ತಾಸು, ಮಧ್ಯಾಹ್ನ ಎರಡೂವರೆ ತಾಸು. ಹೊತ್ತು ಮುಳುಗುವ ಮುಂಚೆ ಮನೆಯವರ ಊಟವಾಗಬೇಕಾದ್ದರಿಂದ ಸಂಜೆ ಐದಕ್ಕೆ ಕೆಲಸ ಬಿಟ್ಟು ಏಳಲೇಬೇಕು.

"ಒಬ್ಬಾಂವ ಹೊರಗ ನಿಂತು ಹೊಗಳಾಕತ್ತಿದ್ದ. ಕೊಲ್ಲಾಪುರದವ್ರ ಕೈ ಅಂದ್ರ ಕೈರಿ, ನಮ್ಮ ಕಡೆ ಇಂಥಾದ್ ಆಗೂದಿಲ್ಲ ಅಂತ. ನಾ ಇಲ್ಲೇ ರೊಟ್ಟಿ ತಿನ್ನಾಕತ್ತಿದ್ದೆ. ನುಂಗಿದೆ, ಮತ್ತೇನ್ ಮಾಡ್ಲಿ?" ಇದನ್ನು ಬರೆದುಕೊಳ್ಳಲು ಬಂದವರ ಕಡೆ ತಿರುಗಿ ಸೇರಿಸುತ್ತಾರೆ: "ಅಂಗಡಿ ಹೆಸರು ಬರೀಬ್ಯಾಡ್ರಿ. ನನ್ನ ಹೆಸರು ಬರೀರಿ."

ಇಂದು ಫ್ಯಾನಿನ ಮುಂದಿರುವ ಡಿಸ್ಕು ಕಬ್ಬೂರಿನ ಸಾವಕ್ಕ ಎಂಬುವವರದು. ಕುರಿ ಸಾಕುವ ಮನೆತನ. ಒಬ್ಬಳೇ ಮಗಳು ರಾಜೇಶ್ವರಿಯ ಮದುವೆಯ ವಿಡಿಯೊ ಇದರಲ್ಲಿದೆ. ರಾಜೇಶ್ವರಿ ಕಳೆದ ವರ್ಷ ಹೆರಿಗೆಯಲ್ಲಿ ತೀರಿಕೊಂಡಳು. ಅವಳು ನಡೆದಾಡುವ, ಮಾತಾಡುವ ಚಿತ್ರ ಬೇರೆಲ್ಲೂ ಇಲ್ಲ. ಮದುವೆ ತೆಗೆದ ಸ್ಟುಡಿಯೊದವರು ತಮ್ಮ ಪ್ರತಿ ಅಳಿಸಿಬಿಟ್ಟಿದ್ದಾರೆ. ಸಾವಕ್ಕ ದಿನವೂ ಸಂಜೆ ನೋಡುತ್ತಿದ್ದ ಡಿಸ್ಕು ಟಿ.ವಿ. ಮೇಲಿಂದ ಬಿತ್ತು.

ಒಂಬತ್ತರ ಸುಮಾರಿಗೆ ಅಂಕಿ ನೂರು ಮುಟ್ಟುತ್ತದೆ. ಪ್ರತಿ ಸಿಕ್ಕಿತು. ಚಂದ್ರಮತಿ ರೊಟ್ಟಿಗೆ ಹಿಟ್ಟು ನಾದಲು ಏಳುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಸಾವಕ್ಕನ ಅಣ್ಣ ಅಣ್ಣಾಸಾಬ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

"ಮೂರು ದಿನ ಅಂದಿದ್ರಿ. ಇವತ್ತ ಐದು. ಕೊಲ್ಲಾಪುರಕ್ಕ ನಡಕೋತ ಹೊಂಟೈತೇನ್ರಿ ಡಿಸ್ಕ?"

"ಬರ್ತೈತ್ರಿ ಕಾಕಾ, ಇವತ್ತ ನಾಳಿ."

"ನಾನ ಹೊಂಟೇನಿ ಈಗ ಕೊಲ್ಲಾಪುರಕ್ಕ. ಅಡ್ರೆಸ್ ಕೊಡ್ರಿ, ಬರಬೇಕಾರ ಇಸಗೊಂಡ ಬರ್ತೇನಿ."

ಶೀತಲ ಕೌಂಟರಿನ ಮೇಲಿನ ಚೀಟಿಗಳನ್ನು ಅತ್ತಿತ್ತ ಸರಿಸುತ್ತಾರೆ. ಇನ್ನೂ ಕಳಿಸಿಲ್ಲ, ಇಲ್ಲೇ ಉಳಿದಿದೆ ಎನ್ನುತ್ತಾರೆ.

"ಹಂಗಾರ ಕೊಡ್ರಿ ಇತ್ಲಾಗ. ನಿಮ್ಮನ್ನ ನಂಬಿ ಕುಂತ್ರ ಆತು."

ಶೀತಲ ಒಳಗೆ ಬಂದು ಡಿಸ್ಕಿನ ವೈರು ಬಿಚ್ಚುತ್ತಾರೆ. ಚಂದ್ರಮತಿ ಹಿಟ್ಟಿನ ಕೈಯಲ್ಲೇ ಅಡ್ಡ ನಿಲ್ಲುತ್ತಾರೆ.

"ಪ್ರತಿ ಆಗೇತ್ರಿ. ನಾಡದ ಎಲ್ಲಾ ತಗದ ಕೊಡ್ತೇನಿ ಅಂತ ಹೇಳ್ರಿ ಅವ್ರಿಗೆ."

"ಯಾರ ತಗದ್ರಂತ ಹೇಳ್ಲಿ? ಹೇಣ್ತಿ ತಗದಾಳ ಅನ್ಲ್ಯಾ? ಒಂಬತ್ತು ವರ್ಷ ಊರಿಗೆಲ್ಲಾ ಸುಳ್ಳ ಹೇಳೀನಿ ಅನ್ಲ್ಯಾ?"

ಡಿಸ್ಕು ಹೋಗುತ್ತದೆ. ಮುಂದಿನ ಎರಡು ಮಧ್ಯಾಹ್ನ ಚಂದ್ರಮತಿ, ಯಾರೂ ಕೇಳದ ಕೆಲಸವನ್ನು ಮುಗಿಸುತ್ತಾರೆ. ಎರಡು ಸಾವಿರದ ನೂರು ಚಿತ್ರ, ನಲವತ್ತಾರು ವಿಡಿಯೊ ತುಣುಕು. ಒಂದರಲ್ಲಿ ರಾಜೇಶ್ವರಿ, ಮುಖದ ತುಂಬ ಅರಿಷಿಣ ಮೆತ್ತಿಕೊಂಡು, ಮೂಲೆಯಲ್ಲಿ ಕಣ್ಣೊರೆಸಿಕೊಳ್ಳುವ ತಾಯಿಯನ್ನು ಗದರಿಸುತ್ತಾಳೆ: "ಯವ್ವಾ, ಮದ್ಲ ಉಣ್ಣ ಹೋಗ ನೀ. ಅಳಾಕ ಆಮ್ಯಾಲ ಬೇಕಾದಷ್ಟ ಟೈಮ್ ಐತಿ." ಸುತ್ತಲಿನ ಹೆಂಗಸರು ನಗುತ್ತಾರೆ. ಚಂದ್ರಮತಿ ಅದನ್ನು ಎರಡನೇ ಸಲ ಹಾಕುವುದಿಲ್ಲ.

ಎಂಟು ದಿನದ ಮೇಲೆ ಸಾವಕ್ಕ ತಾವೇ ಬರುತ್ತಾರೆ. ಸೆರಗಿನಲ್ಲಿ ಕಟ್ಟಿದ ಡಿಸ್ಕನ್ನು ಕೌಂಟರಿನ ಮೇಲೆ ಬಿಚ್ಚುತ್ತಾರೆ. ಕೊಲ್ಲಾಪುರದಲ್ಲಿ ಯಾವುದೋ ಅಂಗಡಿಯವನು ಧೂಳಿನ ಮೇಜಿನ ಮೇಲೆಯೇ ಅದರ ಮುಚ್ಚಳ ತೆಗೆದಿದ್ದಾನೆ. ಒಳಗಿನ ಹೊಳೆಯುವ ತಟ್ಟೆಯ ಮೇಲೆ ಬೆರಳಿನ ಗುರುತು; ಇನ್ನು ಇದರಿಂದ ಏನೂ ಸಿಗದು.

"ಸಾವ್ಕಾರ್ರ, ಅಲ್ಲೆ ಆಗೂದಿಲ್ಲಂದ್ರಂತ. ನೀವ ಒಮ್ಮಿ ನೋಡ್ರಿ. ಆಕಿ ದನಿ ಅಷ್ಟ ಸಿಕ್ರೂ ಸಾಕು. ದಿನಾ ಒಂದೀಟ ಮರತ ಹೊಂಟೈತಿ ನನಗ."

ಶೀತಲ ಡಿಸ್ಕನ್ನು ತಿರುಗಿಸಿ ನೋಡಿದಂತೆ ಮಾಡುತ್ತಾರೆ. "ಕೊಲ್ಲಾಪುರದವ್ರ ಕೈಲೇ ಆಗಲಿಲ್ಲಂದ್ರ ಯಾರ ಕೈಲೂ ಆಗೂದಿಲ್ರಿ ಅಕ್ಕಾರ."

ಪರದೆಯ ಈಚೆ ಚಂದ್ರಮತಿ ನಿಂತಿದ್ದಾರೆ. ಕಂಪ್ಯೂಟರಿನಲ್ಲಿ 'ಕಬ್ಬೂರ' ಎಂಬ ಫೋಲ್ಡರು ತೆರೆದೇ ಇದೆ. ಸಾವಕ್ಕ ಡಿಸ್ಕನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ಇಳಿದುಹೋಗುವ ಸದ್ದು ಕೇಳುತ್ತದೆ. ಪರದೆ ಸರಿಸಲು ಕೈ ಎತ್ತಿದ್ದರು. ಎತ್ತಿದ ಕೈ ಎತ್ತಿದಂತೆಯೇ ಉಳಿಯಿತು, ಅಷ್ಟೆ.

ಊಟದ ಹೊತ್ತಿಗೆ ಶೀತಲ ತಟ್ಟೆ ನೋಡುತ್ತ ಹೇಳುತ್ತಾರೆ: "ಆ ಕಬ್ಬೂರದ್ದ ತಗದ ಒಗದ ಬಿಡ ಚಂದ್ರಾ. ಸುಮ್ಮನ ಜಾಗಾ ಹಿಡದೈತಿ."

"ಹೂಂ," ಎನ್ನುತ್ತಾರೆ ಚಂದ್ರಮತಿ, ಪಲ್ಯ ಬಡಿಸುತ್ತ.

ಶೀತಲ ಕೆಟ್ಟವರಲ್ಲ. ಹೆಂಡತಿಯ ಕಣ್ಣು ನೋಯುತ್ತದೆಂದು ದೊಡ್ಡ ಮಾನಿಟರ್ ತಂದುಕೊಟ್ಟವರು. ನೆಂಟರ ಮುಂದೆ, ಅವಳಿಲ್ಲದಿದ್ದರೆ ಅಂಗಡಿ ಇಲ್ಲ ಎನ್ನುವಷ್ಟು ಒಳ್ಳೆಯವರು. ಹೊರಗಿನವರ ಮುಂದೆ ಎನ್ನಲಾರರು. ಮನೆಯೊಳಗೇ ಮುಗಿದುಹೋಗುವ ಈ ಒಳ್ಳೆಯತನದೊಂದಿಗೆ ಜಗಳವಾಡುವುದು ಹೇಗೆಂದು ಚಂದ್ರಮತಿಗೆ ಒಂಬತ್ತು ವರ್ಷದಲ್ಲೂ ತಿಳಿದಿಲ್ಲ.

ಮರುದಿನ ಬೆಳಗಿನ ಜಾವ ಹೊಸ ಡಿಸ್ಕು ಹಚ್ಚುವುದಿಲ್ಲ. ನಲವತ್ತಾರು ತುಣುಕುಗಳನ್ನೂ ಚಿತ್ರಗಳನ್ನೂ ಎರಡು ಪೆನ್‌ಡ್ರೈವಿಗೆ ಹಾಕುತ್ತಾರೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಒಂದೊಂದನ್ನೂ ತೆರೆದು, ದನಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಗಿರಾಕಿಗಳ ಚೀಟಿಯಿಂದ ಸಾವಕ್ಕನ ಫೋನ್ ನಂಬರು ಬರೆದುಕೊಳ್ಳುತ್ತಾರೆ. ಕಬ್ಬೂರಿಗೆ ಒಂಬತ್ತೂವರೆಗೆ ಒಂದು ಬಸ್ಸಿದೆ. ರೊಟ್ಟಿ ಬಡಿದಿಟ್ಟು ಹೊರಟರೆ ಸಿಗುತ್ತದೆ.

ಯಾರು ತೆಗೆದರು ಎಂದು ಸಾವಕ್ಕ ಕೇಳಿಯೇ ಕೇಳುತ್ತಾರೆ. ಅಣ್ಣಾಸಾಬರೂ ಅಲ್ಲೇ ಇರಬಹುದು, ಓಣಿಯ ನಾಲ್ಕು ಮಂದಿಯೂ ಇರಬಹುದು. ಆಗ ಯಾವ ಊರಿನ ಹೆಸರನ್ನೂ ಹೇಳುವುದಿಲ್ಲ, ತಮ್ಮ ಹೆಸರು ಹೇಳುವುದು ಎಂದು ಚಂದ್ರಮತಿ ಹಿಟ್ಟಿಗೆ ಬಿಸಿನೀರು ಹಾಕುತ್ತ ನಿಶ್ಚಯಿಸುತ್ತಾರೆ. ಒಳಗೆ ಶೀತಲ ಇನ್ನೂ ಮಲಗಿದ್ದಾರೆ. ಎಬ್ಬಿಸುವುದಿಲ್ಲ.